ಹಳೇ ಡೆಸ್ಕ್‌ಟಾಪ್‌ಗೆ ಹೊಸ ಪೋರ್ಟ್, ಹೊಸ ಡ್ರೈವ್: ಕಾರ್ಡ್ ಆರಿಸುವುದು, ಕೂರಿಸುವುದು ಹೇಗೆ

ಹತ್ತು ವರ್ಷದ ಡೆಸ್ಕ್‌ಟಾಪ್ ಇನ್ನೂ ಗಟ್ಟಿಮುಟ್ಟಾಗಿ ಓಡುತ್ತಿರುತ್ತದೆ. ಆದರೆ ಹಿಂದುಗಡೆ ನೀಲಿ ಯುಎಸ್‌ಬಿ ಪೋರ್ಟ್ ಇರುವುದು ಎರಡೇ, ಹಾರ್ಡ್ ಡಿಸ್ಕ್ ಬೇರೆ ತುಂಬಿಹೋಗಿದೆ. ಅಂಗಡಿಗೆ ಹೋಗಿ, ಕಂಪ್ಯೂಟರಿನೊಳಗಿನ ಸ್ಲಾಟಿಗೆ ಚುಚ್ಚಿ ಪೋರ್ಟ್ ಹೆಚ್ಚಿಸುವ ಕಾರ್ಡ್ ಕೇಳಿದರೆ, ‘ಎಷ್ಟು ಪೋರ್ಟ್ ಬೇಕು ಸಾರ್? ಎರಡರದ್ದಿದೆ, ನಾಲ್ಕರದ್ದಿದೆ, ಏಳರದ್ದೂ ಇದೆ’ ಎನ್ನುತ್ತಾರೆ. ಏಳರದ್ದೇ ಕೊಡಿ ಎನ್ನಬೇಡಿ. ಎಷ್ಟು ಪೋರ್ಟ್ ಎನ್ನುವುದು ಕೊನೆಯ ಪ್ರಶ್ನೆ. ಅದಕ್ಕೂ ಮೊದಲು ಎರಡು ಸಂಗತಿ ಗೊತ್ತಾಗಬೇಕು: ಕಾರ್ಡ್ ಕೂರುವ ಸ್ಲಾಟಿಗೆ ಎಷ್ಟು ಲೇನ್ (ಡೇಟಾ ಹರಿಯುವ ದಾರಿ) ಇದೆ, ಕಾರ್ಡಿಗೆ ಕರೆಂಟ್ ಎಲ್ಲಿಂದ ಬರುತ್ತದೆ. ದುಡ್ಡು ಕೊಟ್ಟು ಬೇಜಾರಾಗುವವರು ಸಾಮಾನ್ಯವಾಗಿ ಈ ಎರಡರಲ್ಲಿ ಒಂದನ್ನು ನೋಡದೆ ತಂದಿರುತ್ತಾರೆ.

ಉದಾಹರಣೆಗೆ ಎಚ್81 ಚಿಪ್‌ಸೆಟ್‌ನ (ಪೋರ್ಟ್, ಸ್ಲಾಟುಗಳನ್ನು ನಿಭಾಯಿಸುವ ಚಿಪ್) ಮದರ್‌ಬೋರ್ಡ್ ಇಟ್ಟುಕೊಳ್ಳೋಣ. ಇಂಟೆಲ್ 2013ರಲ್ಲಿ ತಂದ ಅಗ್ಗದ ಚಿಪ್‌ಸೆಟ್ ಇದು. ನಾಲ್ಕನೇ ತಲೆಮಾರಿನ ಐ3, ಐ5 ಪ್ರೊಸೆಸರ್ ಹಾಕಿಕೊಂಡು ಮನೆ, ಜೆರಾಕ್ಸ್ ಅಂಗಡಿ, ಬಿಲ್ಲಿಂಗ್ ಕೌಂಟರುಗಳಲ್ಲಿ ಈಗಲೂ ಸಿಗುತ್ತದೆ. ಈ ಚಿಪ್‌ಸೆಟ್ ಕೊಡುವುದು 2 ಯುಎಸ್‌ಬಿ 3.0 ಪೋರ್ಟ್, ಒಳಗೆ ಡಿಸ್ಕ್ ಜೋಡಿಸುವ 4 ಸಾಟಾ ಪೋರ್ಟ್. ಬೋರ್ಡಿನ ಮೇಲೆ ಸಾಮಾನ್ಯವಾಗಿ ಒಂದು ಉದ್ದನೆಯ ಸ್ಲಾಟ್, ಒಂದೋ ಎರಡೋ ಗಿಡ್ಡ ಸ್ಲಾಟ್ ಇರುತ್ತವೆ. ನಿಮ್ಮ ಬೋರ್ಡ್ ಬೇರೆಯದಾದರೂ ಲೆಕ್ಕ ಹಾಕುವ ರೀತಿ ಇದೇ.

ಕೊಳ್ಳುವ ಮೊದಲು ಬಿಚ್ಚಿ ನೋಡಿ

ನಾವೆಲ್ಲ ‘ಸಿಪಿಯು’ ಎಂದೇ ಕರೆಯುವ ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆಯಿರಿ. ಕೆಲವೊಮ್ಮೆ ಬೇಕಾದ ಪೋರ್ಟ್ ಒಳಗೇ ಇರುತ್ತದೆ, ಯಾರೂ ಹೊರಗೆ ತಂದಿರುವುದಿಲ್ಲ.

ಬೋರ್ಡಿನ ಕೆಳ ಅಂಚಿನಲ್ಲಿ ಎರಡು ಸಾಲು ಪಿನ್ನುಗಳ ಹೆಡರ್‌ಗಳಿರುತ್ತವೆ. 9 ಪಿನ್ನಿನದು ಯುಎಸ್‌ಬಿ 2.0ಕ್ಕೆ. 19 ಪಿನ್ನಿನ, ಸುತ್ತ ಪ್ಲಾಸ್ಟಿಕ್ ಗೋಡೆ ಇರುವ ದೊಡ್ಡದು ಯುಎಸ್‌ಬಿ 3.0ಕ್ಕೆ. ಖಾಲಿ ಇದ್ದರೆ ಒಂದು ಬ್ರಾಕೆಟ್ ಕೇಬಲ್ ತಂದು ಚುಚ್ಚಿದರೆ ಸಾಕು, ಎರಡು ಪೋರ್ಟ್ ಸಿಕ್ಕಿತು. ಒಂದೇ ಎಚ್ಚರ: ಸೀರಿಯಲ್ ಪೋರ್ಟಿನ ಹೆಡರ್ ಕೂಡ ನೋಡಲು ಹೆಚ್ಚುಕಡಿಮೆ ಯುಎಸ್‌ಬಿ 2.0 ಹೆಡರ್ ಥರವೇ ಇರುತ್ತದೆ. ಪಕ್ಕದಲ್ಲಿ ಅಚ್ಚಾದ ಹೆಸರು ಓದಿ. ‘ಯುಎಸ್‌ಬಿ’ ಎಂದಿದ್ದರೆ ಮಾತ್ರ ಯುಎಸ್‌ಬಿ ಕೇಬಲ್ ಹಾಕಿ. ‘ಕಾಮ್’ ಎಂದಿದ್ದರೆ ಅದೂ ಲಾಭವೇ. ತೂಕದ ಯಂತ್ರಕ್ಕೋ ಹಳೆಯ ಬಿಲ್ ಪ್ರಿಂಟರಿಗೋ ಸೀರಿಯಲ್ ಪೋರ್ಟ್ ಬೇಕಾದವರಿಗೆ ಕಾರ್ಡೇ ಬೇಡ, ಆ ಹೆಡರಿಗೆ ಹೊಂದುವ ಕೇಬಲ್ ಸಾಕು.

ಸಾಟಾ ಪೋರ್ಟುಗಳನ್ನೂ ಎಣಿಸಿ. ಡಿವಿಡಿ ರೈಟರ್ ಒಂದನ್ನು ಹಿಡಿದುಕೊಂಡು ಕೂತಿರುತ್ತದೆ. ಕೊನೆಯ ಸಲ ಡಿವಿಡಿ ಹಾಕಿದ್ದು ಯಾವಾಗ? ಅದರ ಕೇಬಲ್ ಬಿಚ್ಚಿ ಹಾರ್ಡ್ ಡಿಸ್ಕಿಗೆ ಕೊಡಿ. ಹೊಸದೊಂದೇ ಡಿಸ್ಕ್ ಸೇರಿಸುವುದಿದ್ದರೆ ಕೆಲಸ ಇಲ್ಲಿಗೇ ಮುಗಿಯಿತು. ಎಚ್81ರಲ್ಲಿ ಇನ್ನೊಂದು ಮಾತಿದೆ. ನಾಲ್ಕು ಸಾಟಾ ಪೋರ್ಟಿನಲ್ಲಿ ಎರಡು ಮಾತ್ರ 6 ಗಿಗಾಬಿಟ್‌ನವು, ಉಳಿದೆರಡು 3 ಗಿಗಾಬಿಟ್. ಎಸ್‌ಎಸ್‌ಡಿಯನ್ನು (ತಿರುಗುವ ಭಾಗವಿಲ್ಲದ ವೇಗದ ಡ್ರೈವ್) ಯಾರೋ ನಿಧಾನದ ಪೋರ್ಟಿಗೆ ಚುಚ್ಚಿಟ್ಟಿದ್ದರೆ ಈಗಲೇ ಬದಲಿಸಿ. ತಿರುಗುವ ಹಾರ್ಡ್ ಡಿಸ್ಕ್ ಸೆಕೆಂಡಿಗೆ 150ರಿಂದ 250 ಎಂಬಿ ಓದುತ್ತದೆ, ಅದಕ್ಕೆ 3 ಗಿಗಾಬಿಟ್ ಧಾರಾಳ.

ಬರೀ ಕೀಬೋರ್ಡ್, ಮೌಸ್, ಪ್ರಿಂಟರ್, ಡಾಂಗಲ್‌ಗೆ ಜಾಗ ಸಾಲದಿದ್ದರೆ ಪವರ್ ಅಡಾಪ್ಟರ್ ಇರುವ ಒಳ್ಳೆಯ ಯುಎಸ್‌ಬಿ ಹಬ್ ಸಾಕು. ಸುಮ್ನೆ ಕಾರ್ಡಿಗೆ ಯಾಕೆ ದುಡ್ಡು?

ಸ್ಲಾಟ್ ಗುರುತಿಸುವುದು

ಇಷ್ಟಾದರೂ ಸಾಲಲಿಲ್ಲ ಎಂದರೆ ಕಾರ್ಡ್ ಬೇಕು. ಇಂದಿನ ಕಾರ್ಡುಗಳೆಲ್ಲ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟಿಗೆ. ಸುಮಾರು ಎರಡೂವರೆ ಸೆಂಟಿಮೀಟರಿನ ಗಿಡ್ಡದ್ದು ಎಕ್ಸ್1, ಒಂಬತ್ತು ಸೆಂಟಿಮೀಟರ್ ಹತ್ತಿರ ಇರುವ ಉದ್ದದ್ದು ಎಕ್ಸ್16. ನಡುವೆ ಎಕ್ಸ್4, ಎಕ್ಸ್8 ಉಂಟು. ಈ ಅಂಕಿಯೇ ಲೇನುಗಳ ಲೆಕ್ಕ. ತುಂಬಾ ಹಳೆಯ ಬೋರ್ಡಿನಲ್ಲಿ ಬಿಳಿ ಬಣ್ಣದ ಪಿಸಿಐ ಸ್ಲಾಟ್ ಕಂಡರೆ ಅದು ಬೇರೆ ಜಾತಿಯದು, ಈಗಿನ ಕಾರ್ಡ್ ಅದರಲ್ಲಿ ಕೂರುವುದಿಲ್ಲ.

ಗಿಡ್ಡ ಕಾರ್ಡನ್ನು ಉದ್ದ ಸ್ಲಾಟಿನಲ್ಲಿ ಧೈರ್ಯವಾಗಿ ಹಾಕಬಹುದು. ಎಕ್ಸ್16 ಸ್ಲಾಟನ್ನು ‘ಗ್ರಾಫಿಕ್ಸ್ ಕಾರ್ಡಿನದು’ ಎಂದು ಖಾಲಿ ಬಿಟ್ಟವರೇ ಹೆಚ್ಚು. ಮಾನಿಟರ್ ಬೋರ್ಡಿನ ಪೋರ್ಟಿನಿಂದಲೇ ಓಡುತ್ತಿದ್ದರೆ, ನಿಮ್ಮ ಕಂಪ್ಯೂಟರಿನ ಅತಿ ಒಳ್ಳೆಯ ಸ್ಲಾಟ್ ಸುಮ್ಮನೆ ಧೂಳು ಹಿಡಿಯುತ್ತಿದೆ ಎಂದರ್ಥ. ಉದ್ದ ಕಾರ್ಡನ್ನು ಗಿಡ್ಡ ಸ್ಲಾಟಿಗೆ ಹಾಕುವುದು ಮಾತ್ರ ಆಗದು, ಆ ಸ್ಲಾಟಿನ ತುದಿ ತೆರೆದಿದ್ದರೆ ಬೇರೆ ಮಾತು.

ಉದ್ದ ನೋಡಿ ಮೋಸ ಹೋಗಬೇಡಿ. ಕೆಲವು ಬೋರ್ಡುಗಳಲ್ಲಿ ಎರಡನೇ ಉದ್ದ ಸ್ಲಾಟಿಗೆ ಒಳಗೆ ನಾಲ್ಕೇ ಲೇನ್ ಕೊಟ್ಟಿರುತ್ತಾರೆ. ಟಾರ್ಚ್ ಬಿಟ್ಟು ನೋಡಿದರೆ ಪಿನ್ನುಗಳು ಅರ್ಧಕ್ಕೂ ಮುಂಚೆ ನಿಂತಿರುವುದು ಕಾಣುತ್ತದೆ. ಬೋರ್ಡಿನ ಮಾಡೆಲ್ ನಂಬರ್ ಹುಡುಕಿ ಕಂಪನಿಯ ಕೈಪಿಡಿ ಇಳಿಸಿಕೊಂಡರೆ ಅನುಮಾನವೇ ಉಳಿಯುವುದಿಲ್ಲ. ಸ್ವಲ್ಪ ಹೊಸ ಬೋರ್ಡ್ ಇದ್ದರೆ ಅದೇ ಕೈಪಿಡಿಯಲ್ಲಿ ಇನ್ನೊಂದು ಸಾಲನ್ನೂ ಹುಡುಕಿ: ತೆಳು ಪಟ್ಟಿಯಂಥ ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟಿಗೆ ಡ್ರೈವ್ ಹಾಕಿದರೆ ಯಾವುದಾದರೂ ಸಾಟಾ ಪೋರ್ಟೋ ಸ್ಲಾಟೋ ಬಂದ್ ಆಗುತ್ತದೆಯೇ? ಹಲವು ಬೋರ್ಡುಗಳಲ್ಲಿ ಆಗುತ್ತದೆ.

ಇನ್ನು ವೇಗ. ಒಂದು ಲೇನಿನಲ್ಲಿ ಸೆಕೆಂಡಿಗೆ ಪಿಸಿಐ ಎಕ್ಸ್‌ಪ್ರೆಸ್ 2.0ದಲ್ಲಿ 500 ಎಂಬಿ, 3.0ದಲ್ಲಿ ಸುಮಾರು 985, 4.0ದಲ್ಲಿ ಅದರ ಎರಡರಷ್ಟು. ಕಾರ್ಡ್ 3.0, ಬೋರ್ಡ್ 2.0 ಇದ್ದರೂ ಕೆಲಸ ಮಾಡುತ್ತದೆ, ಆದರೆ ಇಬ್ಬರಲ್ಲಿ ನಿಧಾನದವರ ವೇಗಕ್ಕೆ. ಎಚ್81ರಲ್ಲಿ ಎಲ್ಲ ಸ್ಲಾಟೂ 2.0. ಅಂದರೆ ಗಿಡ್ಡ ಸ್ಲಾಟಿನಲ್ಲಿ 500 ಎಂಬಿ, ಕೈಗೆ ನಿಜವಾಗಿ ಸಿಗುವುದು 400ರ ಆಸುಪಾಸು. ಅದರ ಮೇಲೆ ಏಳು ಪೋರ್ಟಿನ ಕಾರ್ಡ್ ಕೂರಿಸುವುದು ಅರ್ಧ ಇಂಚಿನ ಪೈಪಿಗೆ ಏಳು ನಲ್ಲಿ ಜೋಡಿಸಿದ ಹಾಗೆ.

ಯುಎಸ್‌ಬಿ ಕಾರ್ಡ್

ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ, ‘ಯಾವ ಚಿಪ್?’ ರೆನೆಸಾಸ್ 720201, ವಿಯಾ ವಿಎಲ್805 ಇವು ನಾಲ್ಕು ಪೋರ್ಟಿನ 5 ಗಿಗಾಬಿಟ್ ಕಾರ್ಡುಗಳಲ್ಲಿ ಬರುವ ಚಿಪ್‌ಗಳು. ಎರಡೂ ಒಂದು ಲೇನಿನ ಪಿಸಿಐ ಎಕ್ಸ್‌ಪ್ರೆಸ್ 2.0 ಚಿಪ್‌ಗಳೇ, ಹಾಗಾಗಿ ಎಚ್81ರ ಗಿಡ್ಡ ಸ್ಲಾಟಿಗೆ ಸರಿಯಾದ ಜೋಡಿ. ಏಳು ಪೋರ್ಟಿನದ್ದರಲ್ಲಿ ಸಾಮಾನ್ಯವಾಗಿ ಇಂಥದ್ದೇ ಒಂದು ಚಿಪ್ ಜೊತೆ ಒಂದು ಹಬ್ಬನ್ನು ಸೇರಿಸಿ ಬೆಸೆದಿರುತ್ತಾರೆ, ಅಷ್ಟೇ. 10 ಗಿಗಾಬಿಟ್ ಬೇಕೇಬೇಕು ಎಂದರೆ ಎಎಸ್‌ಮೀಡಿಯಾ 3142 ಥರದ ಚಿಪ್ ಇರುವ, ಎರಡೋ ನಾಲ್ಕೋ ಲೇನಿನ ಕಾರ್ಡ್ ತಂದು ಉದ್ದ ಸ್ಲಾಟಿಗೆ ಹಾಕಬೇಕು.

ಈಗ ಕರೆಂಟಿನ ವಿಷಯ. ಯುಎಸ್‌ಬಿ 3.0 ಪೋರ್ಟ್ ಒಂದು 5 ವೋಲ್ಟಿನಲ್ಲಿ 900 ಮಿಲಿಆಂಪ್ ಕೊಡಬೇಕು, ಅಂದರೆ 4.5 ವ್ಯಾಟ್. ನಾಲ್ಕಕ್ಕೆ 18. ಎಕ್ಸ್1 ಸ್ಲಾಟ್ ಸಾಮಾನ್ಯವಾಗಿ ಕಾರ್ಡಿಗೆ ಕೊಡುವುದು 10 ವ್ಯಾಟ್. ಎರಡು ಪೋರ್ಟಬಲ್ ಹಾರ್ಡ್ ಡಿಸ್ಕ್ ಒಟ್ಟಿಗೆ ಸಿಕ್ಕಿಸಿದರೆ ಒಂದು ‘ಟಿಕ್ ಟಿಕ್’ ಎಂದು ಮಾಯವಾಗುವುದು ಇದಕ್ಕೇ. ಹಿಂಬದಿಯಲ್ಲಿ ಸಾಟಾ ಪವರ್ ಅಥವಾ ನಾಲ್ಕು ಪಿನ್ನಿನ ಮೋಲೆಕ್ಸ್ ಸಾಕೆಟ್ ಇರುವ ಕಾರ್ಡನ್ನೇ ಆರಿಸಿ. ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬಿ) ಅದಕ್ಕೊಂದು ವೈರ್ ಬಿಡುವಿದೆಯೇ ಎಂದೂ ನೋಡಿಕೊಳ್ಳಿ. ಕಾರ್ಡಿನ ಒಳಬದಿಯಲ್ಲಿ 19 ಪಿನ್ ಹೆಡರ್ ಇರುವುದು ಸಿಕ್ಕರೆ ಇನ್ನೂ ಒಳ್ಳೆಯದು, ಕ್ಯಾಬಿನೆಟ್ಟಿನ ಮುಂದಿನ ನೀಲಿ ಪೋರ್ಟ್ ಕೂಡ ಜೀವ ಪಡೆಯುತ್ತದೆ.

ಆನ್‌ಲೈನಿನಲ್ಲಿ ಒಂದು ಬಲೆ ಇದೆ. ಕ್ರಿಪ್ಟೊ ಮೈನಿಂಗ್ ಮಾಡುವವರಿಗೆಂದು ಬಂದ ‘ಒಂದಕ್ಕೆ ನಾಲ್ಕು’ ರೈಸರ್ ಕಾರ್ಡುಗಳ ಮೇಲೆ ನಾಲ್ಕು ನೀಲಿ ಯುಎಸ್‌ಬಿ ಸಾಕೆಟ್ ಇರುತ್ತವೆ. ಫೋಟೋದಲ್ಲಿ ನೋಡಿದರೆ ಥೇಟ್ ಯುಎಸ್‌ಬಿ ಕಾರ್ಡ್. ಆದರೆ ಅದರೊಳಗೆ ಹರಿಯುವುದು ಪಿಸಿಐ ಎಕ್ಸ್‌ಪ್ರೆಸ್ ಸಿಗ್ನಲ್. ಅಗ್ಗಕ್ಕೆ ಸಿಕ್ಕಿತೆಂದು ತಂದು ಪೆನ್‌ಡ್ರೈವ್ ಚುಚ್ಚಿದರೆ ಕೆಲಸವಂತೂ ಮಾಡದು, ಎರಡರಲ್ಲಿ ಒಂದು ಸುಟ್ಟರೂ ಆಶ್ಚರ್ಯವಿಲ್ಲ. ‘ರೈಸರ್’ ಎಂಬ ಪದ ಕಂಡರೆ ಮುಂದೆ ಹೋಗಿ.

ಸಾಟಾ ಕಾರ್ಡ್

ಹಾರ್ಡ್ ಡಿಸ್ಕುಗಳಿಗಷ್ಟೇ ಆದರೆ ಗಿಡ್ಡ ಸ್ಲಾಟಿನಲ್ಲಿ ಕೂರುವ ಎಎಸ್‌ಮೀಡಿಯಾ 1061 ಚಿಪ್ಪಿನ ಎರಡು ಪೋರ್ಟಿನ ಕಾರ್ಡ್ ಸಾಕು. ನಾಲ್ಕು ಬೇಕಾದರೆ 1064. ಉದ್ದ ಸ್ಲಾಟ್ ಖಾಲಿ ಇದ್ದರೆ ಎರಡು ಲೇನ್ ಬಳಸುವ ಜೆಮೈಕ್ರಾನ್ 585ರಲ್ಲಿ ಐದು, ಎಎಸ್‌ಮೀಡಿಯಾ 1166ರಲ್ಲಿ ಆರು ಪೋರ್ಟ್ ಸಿಗುತ್ತವೆ. ಗಿಡ್ಡ ಸ್ಲಾಟಿಗೆ ಹತ್ತು ಪೋರ್ಟಿನದು ಎಂದು ಮಾರುವ ಕಾರ್ಡಿನಲ್ಲಿ, ಒಂದೇ ಸಾಟಾ ದಾರಿಯನ್ನು ಹಲವು ಡಿಸ್ಕಿಗೆ ಹಂಚುವ ಪೋರ್ಟ್ ಮಲ್ಟಿಪ್ಲೈಯರ್ ಇರುತ್ತದೆ. ಒಂದು ಡಿಸ್ಕ್ ಕೆಟ್ಟು ಸಿಕ್ಕಿಕೊಂಡರೆ ಅದೇ ಮಲ್ಟಿಪ್ಲೈಯರ್ ಮೇಲಿನ ಉಳಿದವೂ ನಿಲ್ಲಬಹುದು. ಆರಕ್ಕಿಂತ ಜಾಸ್ತಿ ಡಿಸ್ಕ್ ಬೇಕಾದವರು ಸರ್ವರ್‌ಗಳಿಂದ ಕಳಚಿ ಮಾರುವ ಎಲ್‌ಎಸ್‌ಐ 9211-8ಐ ಥರದ ಎಚ್‌ಬಿಎ (ಹಲವು ಡಿಸ್ಕ್ ಜೋಡಿಸುವ ಸರ್ವರ್ ಕಾರ್ಡ್) ನೋಡಲಿ. ಎಂಟು ಡಿಸ್ಕ್ ಹಿಡಿಯುತ್ತದೆ, ಎಂಟು ಲೇನ್ ಕೇಳುತ್ತದೆ, ಮುಟ್ಟಿದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ. ಅದಕ್ಕೆ ಪ್ರತಿ ಡಿಸ್ಕನ್ನೂ ಬೇರೆ ಬೇರೆಯಾಗಿ ನೇರ ತೋರಿಸುವ ‘ಐಟಿ ಮೋಡ್’ ಫರ್ಮ್‌ವೇರ್ ಹಾಕಿದ್ದನ್ನೇ ಕೇಳಿ.

ಹಂಚಿಕೆ ಹೀಗಿರಲಿ: ವಿಂಡೋಸ್ ಇರುವ ಎಸ್‌ಎಸ್‌ಡಿ ಬೋರ್ಡಿನ 6 ಗಿಗಾಬಿಟ್ ಪೋರ್ಟಿನಲ್ಲೇ ಇರಲಿ, ಕಾರ್ಡಿಗೆ ಹೋಗುವುದು ಹಾರ್ಡ್ ಡಿಸ್ಕುಗಳು. ಒಂದು ಲೇನಿನ 400 ಎಂಬಿಯಲ್ಲಿ 550 ಎಂಬಿ ಓಡುವ ಎಸ್‌ಎಸ್‌ಡಿಯನ್ನು ಕಟ್ಟಿಹಾಕುವುದರಲ್ಲಿ ಅರ್ಥವಿಲ್ಲ.

ಡಿಸ್ಕಿಗೆ ಡೇಟಾ ಕೇಬಲ್ ಜೊತೆ ಪವರ್ ಕೇಬಲ್ಲೂ ಬೇಕು ಎಂಬುದನ್ನು ಕೊನೆಗೆ ನೆನಪಿಸಿಕೊಳ್ಳುವವರಿದ್ದಾರೆ. 3.5 ಇಂಚಿನ ಡಿಸ್ಕ್ ತಿರುಗುತ್ತಿರುವಾಗ 5ರಿಂದ 8 ವ್ಯಾಟ್ ತಿನ್ನುತ್ತದೆ. ಆದರೆ ಶುರುವಾಗುವ ಆ ಕೆಲವು ಸೆಕೆಂಡು 12 ವೋಲ್ಟಿನಲ್ಲಿ 2 ಆಂಪ್‌ವರೆಗೂ ಎಳೆಯುತ್ತದೆ. ಒಂದೇ ವೈರಿಗೆ ಸ್ಪ್ಲಿಟರ್ ಮೇಲೆ ಸ್ಪ್ಲಿಟರ್ ಹಾಕಿ ನಾಲ್ಕು ಡಿಸ್ಕ್ ನೇತುಹಾಕಬೇಡಿ. ಮೋಲೆಕ್ಸಿನಿಂದ ಸಾಟಾಗೆ ಬದಲಿಸುವ ಕೇಬಲ್ ಕೊಳ್ಳುವಾಗ ಅದರ ತಲೆಯನ್ನು ತಿರುಗಿಸಿ ನೋಡಿ. ವೈರುಗಳು ಒಂದೇ ಪ್ಲಾಸ್ಟಿಕ್ ಮುದ್ದೆಯೊಳಗೆ ಹೂತುಹೋದಂತೆ ಎರಕ ಹೊಯ್ದಿದ್ದರೆ ಬೇಡ. ಇಂಥವು ಒಳಗೇ ಶಾರ್ಟ್ ಆಗಿ ಕರಗಿ ಬೆಂಕಿ ಹತ್ತಿದ್ದುಂಟು. ಪ್ರತಿ ವೈರೂ ಬೇರೆ ಬೇರೆಯಾಗಿ ಪಿನ್ನಿಗೆ ಒತ್ತಿ ಕೂರಿಸಿದ್ದು ಕಾಣುವಂಥ ಕೇಬಲ್ ತನ್ನಿ. ಹತ್ತಿಪ್ಪತ್ತು ರೂಪಾಯಿ ಉಳಿಸುವ ಜಾಗ ಇದಲ್ಲ.

ಎನ್‌ವಿಎಂಇ ಅಡಾಪ್ಟರ್

ಎಂ.2 ಸ್ಲಾಟ್ ಇಲ್ಲದ ಬೋರ್ಡಿಗೂ ಎನ್‌ವಿಎಂಇ ಎಸ್‌ಎಸ್‌ಡಿ (ಸಾಟಾ ಬದಲು ನೇರವಾಗಿ ಪಿಸಿಐ ಎಕ್ಸ್‌ಪ್ರೆಸ್ ಲೇನಿನಲ್ಲಿ ಓಡುವಂಥದ್ದು) ಹಾಕಬಹುದು. ನಾಲ್ಕು ಲೇನಿನ ಅಡಾಪ್ಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದರಲ್ಲಿ ಚಿಪ್ಪೇ ಇರುವುದಿಲ್ಲ ಅನ್ನಬಹುದು, ಬರೀ ದಾರಿ ಜೋಡಿಸುವ ಹಲಗೆ. ಎಚ್81ರ ಉದ್ದ ಸ್ಲಾಟಿನಲ್ಲಿ ಹಾಕಿದರೆ ನಾಲ್ಕು ಲೇನ್ ಸೇರಿ ಲೆಕ್ಕದಲ್ಲಿ 2000 ಎಂಬಿ, ಕೈಗೆ 1600ರ ಹತ್ತಿರ. ಸಾಟಾ ಎಸ್‌ಎಸ್‌ಡಿಯ ಮೂರರಷ್ಟು! ಅದೇ ಎಸ್‌ಎಸ್‌ಡಿಯನ್ನು ಗಿಡ್ಡ ಸ್ಲಾಟಿನ ಅಡಾಪ್ಟರಿನಲ್ಲಿ ಹಾಕಿದರೆ ಸಾಟಾಕ್ಕಿಂತಲೂ ನಿಧಾನ.

ತೊಡಕು ಬೂಟಿಂಗ್‌ನದು. ಇಂಟೆಲ್‌ನ 9 ಸರಣಿಯ ಚಿಪ್‌ಸೆಟ್‌ಗಳಿಗಿಂತ ಹಿಂದಿನ ಬೋರ್ಡುಗಳ (ಎಚ್81 ಕೂಡ ಇದರಲ್ಲಿ ಸೇರಿತು) ಬಯಾಸಿಗೆ, ಅಂದರೆ ಆನ್ ಮಾಡಿದೊಡನೆ ಮೊದಲು ಓಡುವ ಬೋರ್ಡಿನ ತಂತ್ರಾಂಶಕ್ಕೆ, ಸಾಮಾನ್ಯವಾಗಿ ಎನ್‌ವಿಎಂಇ ಎಂದರೇನೆಂದೇ ಗೊತ್ತಿರುವುದಿಲ್ಲ. ವಿಂಡೋಸ್ 10 ಶುರುವಾದ ಮೇಲೆ ಡ್ರೈವ್ ಆರಾಮಾಗಿ ಕಾಣುತ್ತದೆ, ಆದರೆ ಅದರಿಂದಲೇ ಶುರುವಾಗು ಎಂದರೆ ಬಯಾಸ್ ಕೈಚೆಲ್ಲುತ್ತದೆ. ಬಯಾಸ್ ತಿದ್ದುವ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿಸುವ ಉಪಾಯಗಳಿವೆ. ದಿನವೂ ಬಿಲ್ ಹಾಕುವ ಕಂಪ್ಯೂಟರಿನಲ್ಲಿ ಅಂಥ ಪ್ರಯೋಗ ಬೇಡ ಅನ್ನುವುದು ನನ್ನ ಅಭಿಪ್ರಾಯ. ವಿಂಡೋಸ್ ಸಾಟಾ ಎಸ್‌ಎಸ್‌ಡಿಯಲ್ಲಿರಲಿ, ವಿಡಿಯೊ ಎಡಿಟಿಂಗ್‌ನ ಫೈಲುಗಳು ಎನ್‌ವಿಎಂಇಯಲ್ಲಿರಲಿ.

ಎಂ.2 ಆಕಾರದಲ್ಲೇ ಸಾಟಾ ಎಸ್‌ಎಸ್‌ಡಿಯೂ ಬರುತ್ತದೆ. ಅಂಚಿನಲ್ಲಿ ಎರಡು ಕಚ್ಚು ಇದ್ದರೆ ಅದು ಸಾಟಾ ಆಗಿರುವ ಸಾಧ್ಯತೆ ಹೆಚ್ಚು, ಲೇಬಲ್ ಓದಿ ಖಚಿತ ಮಾಡಿಕೊಳ್ಳಿ. ಎನ್‌ವಿಎಂಇ ಅಡಾಪ್ಟರಿನಲ್ಲಿ ಅದು ಓಡುವುದಿಲ್ಲ. ಎರಡು ಎಂ.2 ಜಾಗವಿರುವ ಅಗ್ಗದ ಅಡಾಪ್ಟರುಗಳಲ್ಲಿ ಒಂದು ಎನ್‌ವಿಎಂಇಗೆ, ಇನ್ನೊಂದು ಸಾಟಾಗೆ ಇರುವುದುಂಟು. ಆ ಸಾಟಾದ್ದಕ್ಕೆ ಕಾರ್ಡಿನಿಂದ ಬೋರ್ಡಿಗೆ ಬೇರೆ ಕೇಬಲ್ ಹಾಕಬೇಕು. ನಾಲ್ಕು ಎನ್‌ವಿಎಂಇ ಹಿಡಿಯುವ ಅಡಾಪ್ಟರಿಗೆ ಸ್ಲಾಟನ್ನು ನಾಲ್ಕಾಗಿ ಒಡೆಯುವ ‘ಬೈಫರ್ಕೇಶನ್’ ಸೌಲಭ್ಯ ಬಯಾಸಿನಲ್ಲಿರಬೇಕು. ಇಲ್ಲದಿದ್ದರೆ ಒಂದೇ ಡ್ರೈವ್ ಕಾಣುತ್ತದೆ.

ಸಣ್ಣ ಕ್ಯಾಬಿನೆಟ್ ಇದ್ದವರಿಗೆ

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಆಫೀಸುಗಳಿಂದ ಬಂದ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಎಲೈಟ್‌ಡೆಸ್ಕ್, ಲೆನೊವೊ ಥಿಂಕ್‌ಸೆಂಟರ್‌ಗಳು ಸೆಕೆಂಡ್ ಹ್ಯಾಂಡ್ ಸಿಗುತ್ತವೆ. ಇವುಗಳಲ್ಲಿ ತೆಳ್ಳನೆಯ ಮಾಡೆಲ್ ನಿಮ್ಮದಾದರೆ ಕಾರ್ಡಿನ ಲೋಹದ ಪಟ್ಟಿ ಸುಮಾರು 8 ಸೆಂಟಿಮೀಟರಿನ ಲೋ ಪ್ರೊಫೈಲ್ ಆಗಿರಬೇಕು. ಮಾಮೂಲಿ ಪಟ್ಟಿ 12 ಸೆಂಟಿಮೀಟರ್. ಕೊಳ್ಳುವಾಗ ‘ಎರಡೂ ಬ್ರಾಕೆಟ್ ಇದೆಯಾ?’ ಎಂದು ಕೇಳಿ. ಇವುಗಳ ಎಸ್‌ಎಂಪಿಎಸ್‌ನಲ್ಲಿ ಬಿಡುವಿನ ವೈರ್ ಇರುವುದೂ ಅಪರೂಪ, ಡಿಸ್ಕಿನ ಕರೆಂಟ್ ಬೋರ್ಡಿನಿಂದಲೇ ಬರುವ ಮಾಡೆಲುಗಳಿವೆ. ಅಂಗೈಯಗಲದ ಟೈನಿ, ಮೈಕ್ರೊ ಮಾಡೆಲುಗಳಲ್ಲಿ ಸಾಮಾನ್ಯವಾಗಿ ಸ್ಲಾಟೇ ಇಲ್ಲ.

ಕೂರಿಸುವ ಕೆಲಸ

1. ಮುಖ್ಯ ಫೈಲುಗಳ ಒಂದು ಪ್ರತಿ ಬೇರೆಡೆ ಇಡಿ. ಶಿಫ್ಟ್ ಕೀ ಒತ್ತಿ ಹಿಡಿದು ‘ಷಟ್ ಡೌನ್’ ಕ್ಲಿಕ್ ಮಾಡಿ. ಆಗ ವಿಂಡೋಸ್ ಅರ್ಧಂಬರ್ಧ ನಿದ್ದೆ ಮಾಡದೆ ಪೂರ್ತಿ ಮುಚ್ಚುತ್ತದೆ.

2. ಗೋಡೆಯ ಸ್ವಿಚ್ ಆರಿಸಿದರೆ ಸಾಲದು, ಪವರ್ ಕೇಬಲ್ ಕಿತ್ತುಬಿಡಿ. ಕೇಬಲ್ಲಿನಲ್ಲಿ ಕರೆಂಟ್ ಇರುವವರೆಗೂ, ಕಂಪ್ಯೂಟರ್ ಆಫ್ ಆಗಿದ್ದರೂ ಬೋರ್ಡಿನಲ್ಲಿ 5 ವೋಲ್ಟ್ ಇದ್ದೇ ಇರುತ್ತದೆ. ಕೇಬಲ್ ಕಿತ್ತ ಮೇಲೆ ಪವರ್ ಬಟನ್ ಒಮ್ಮೆ ಒತ್ತಿ ಹಿಡಿಯಿರಿ, ಉಳಿದದ್ದೂ ಖಾಲಿಯಾಗುತ್ತದೆ.

3. ಕ್ಯಾಬಿನೆಟ್ಟನ್ನು ಮೇಜಿನ ಮೇಲೆ ಮಲಗಿಸಿ. ಬಣ್ಣವಿಲ್ಲದ ಲೋಹದ ಭಾಗ ಮುಟ್ಟಿ, ಕೆಲಸದ ನಡುವೆಯೂ ಆಗಾಗ ಮುಟ್ಟುತ್ತಿರಿ. ಉತ್ತರ ಕರ್ನಾಟಕದ ಒಣ ಚಳಿಗಾಲದಲ್ಲಿ ಇದು ನಿಜಕ್ಕೂ ಬೇಕು. ಕಾರ್ಪೆಟ್ ಮೇಲೆ ಕೂತು ಮಾಡಬೇಡಿ.

4. ಸ್ಲಾಟಿನ ನೇರಕ್ಕಿರುವ ಹಿಂದಿನ ತಗಡು ತೆಗೆಯಿರಿ. ಅಗ್ಗದ ಕ್ಯಾಬಿನೆಟ್ಟಿನಲ್ಲಿ ಅದನ್ನು ಹಿಂದೆ ಮುಂದೆ ಬಾಗಿಸಿ ಮುರಿಯಬೇಕು. ಅಂಚು ಬ್ಲೇಡಿನಂತಿರುತ್ತದೆ, ಇಕ್ಕಳ ಬಳಸಿ. ಎನ್‌ವಿಎಂಇ ಇದ್ದರೆ ಅದನ್ನು ಮೊದಲೇ ಅಡಾಪ್ಟರಿಗೆ ಓರೆಯಾಗಿ ತೂರಿಸಿ, ಒತ್ತಿ, ಸಣ್ಣ ಸ್ಕ್ರೂ ಬಿಗಿ ಮಾಡಿ. ಆ ಸ್ಕ್ರೂ ನೆಲಕ್ಕೆ ಬಿದ್ದರೆ ಸಿಗುವುದು ಕಷ್ಟ, ಬಟ್ಟಲಲ್ಲಿ ಇಟ್ಟುಕೊಳ್ಳಿ.

5. ಕಾರ್ಡನ್ನು ಅಂಚಿನಲ್ಲಿ ಹಿಡಿಯಿರಿ, ಬಂಗಾರದ ಬಣ್ಣದ ಹಲ್ಲು ಮುಟ್ಟಬೇಡಿ. ಸ್ಲಾಟಿನ ಕಚ್ಚಿಗೆ ಸರಿ ಹೊಂದಿಸಿ, ಎರಡೂ ತುದಿಯಲ್ಲಿ ಸಮನಾಗಿ ಒತ್ತಿ. ಹಲ್ಲು ಪೂರ್ತಿ ಮರೆಯಾಗಬೇಕು. ಲೋಹದ ಪಟ್ಟಿಯ ಕೆಳ ನಾಲಿಗೆ ಬೋರ್ಡಿಗೂ ಕ್ಯಾಬಿನೆಟ್ಟಿಗೂ ನಡುವಿನ ಸಂದಿಗೆ ಇಳಿದಿದೆಯೇ ನೋಡಿ. ಅದು ತಾಗಿ ನಿಂತರೆ ಸ್ಕ್ರೂ ಬಿಗಿದಂತೆಲ್ಲ ಕಾರ್ಡಿನ ಇನ್ನೊಂದು ತುದಿ ಮೇಲೇಳುತ್ತದೆ. ‘ಕಾರ್ಡ್ ಕಾಣ್ತಿಲ್ಲ’ ಎಂದಾಗ ಮೊದಲು ನೋಡಬೇಕಾದ ಜಾಗ ಇದೇ.

6. ಸ್ಕ್ರೂ ಹಾಕಿ, ಪವರ್ ವೈರ್ ಕೊಡಿ, ಡೇಟಾ ಕೇಬಲ್ ಚುಚ್ಚಿ. ವೈರುಗಳು ಫ್ಯಾನಿಗೆ ತಾಗದ ಹಾಗೆ ಕಟ್ಟಿ. ಮುಚ್ಚಳ ಆಮೇಲೆ ಹಾಕಿದರಾಯಿತು.

ಆನ್ ಮಾಡಿದ ಮೇಲೆ

ವಿಂಡೋಸ್ 8ರಿಂದ ಈಚೆಗೆ, ಲಿನಕ್ಸಿನಲ್ಲೂ, ಯುಎಸ್‌ಬಿ 3.0 ಕಾರ್ಡಿಗೆ ಬೇರೆ ಡ್ರೈವರ್ ಸಾಮಾನ್ಯವಾಗಿ ಬೇಡ. ವಿಂಡೋಸ್ 7ಕ್ಕೆ ಬೇಕು. ಸ್ಟಾರ್ಟ್ ಬಟನ್ ಮೇಲೆ ಬಲ ಕ್ಲಿಕ್ ಮಾಡಿ ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ಹಳದಿ ಗುರುತು ಇಲ್ಲದಿದ್ದರೆ ಸರಿಯಾಗಿದೆ. ಕೀಬೋರ್ಡನ್ನು ಮಾತ್ರ ಬೋರ್ಡಿನ ಪೋರ್ಟಿನಲ್ಲೇ ಬಿಡಿ. ಕಾರ್ಡಿನ ಪೋರ್ಟ್ ಬಯಾಸ್ ಪರದೆಯಲ್ಲಿ ಕೆಲಸ ಮಾಡದೇ ಇರಬಹುದು.

ಹೊಸ ಡಿಸ್ಕ್ ‘ದಿಸ್ ಪಿಸಿ’ಯಲ್ಲಿ ಕಾಣಲಿಲ್ಲವೆಂದು ಗಾಬರಿ ಬೇಡ. ಅದೇ ಬಲ ಕ್ಲಿಕ್ಕಿನಲ್ಲಿ ‘ಡಿಸ್ಕ್ ಮ್ಯಾನೇಜ್‌ಮೆಂಟ್’ಗೆ ಹೋಗಿ. ‘ಇನಿಶಿಯಲೈಸ್’ ಮಾಡಲೇ ಎಂದು ಕೇಳುತ್ತದೆ. ಡಿಸ್ಕ್ ಹೊಸದಾದರೆ ‘ಜಿಪಿಟಿ’ ಆರಿಸಿ. ‘ಎಂಬಿಆರ್’ ಆರಿಸಿದರೆ 2 ಟಿಬಿ ಮೇಲಿನ ಜಾಗ ಸಿಗುವುದಿಲ್ಲ. ಆಮೇಲೆ ಕಪ್ಪು ಪಟ್ಟಿಯ ಮೇಲೆ ಬಲ ಕ್ಲಿಕ್ ಮಾಡಿ ‘ನ್ಯೂ ಸಿಂಪಲ್ ವಾಲ್ಯೂಮ್’, ‘ಎನ್‌ಟಿಎಫ್‌ಎಸ್’. ಹಳೆಯ ಫೈಲುಗಳಿರುವ ಡಿಸ್ಕಿಗೂ ಇದೇ ಪ್ರಶ್ನೆ ಬಂದರೆ ಒಪ್ಪಬೇಡಿ, ‘ಕ್ಯಾನ್ಸಲ್’ ಒತ್ತಿ. ಕೇಬಲ್ ಸಡಿಲವಿರಬಹುದು, ಅಥವಾ ಅದು ಬೇರೆ ಸಿಸ್ಟಮ್‌ನಲ್ಲಿ ಫಾರ್ಮ್ಯಾಟ್ ಆಗಿದ್ದಿರಬಹುದು. ಬರೀ ಅಕ್ಷರ ಇಲ್ಲದ ಡಿಸ್ಕಿಗೆ ಅಲ್ಲೇ ಒಂದು ಡ್ರೈವ್ ಲೆಟರ್ ಕೊಟ್ಟರೆ ಮುಗಿಯಿತು.

ವೇಗ ಸರಿಯಿದೆಯೇ ನೋಡಲು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಪುಕ್ಕಟೆ ತಂತ್ರಾಂಶ ಹಾಕಿಕೊಳ್ಳಿ. ‘ಟ್ರಾನ್ಸ್‌ಫರ್ ಮೋಡ್’ ಸಾಲಿನಲ್ಲಿ ಒಂದು ಗೆರೆಯ ಆಚೀಚೆ ಎರಡು ಬರಹ ಇರುತ್ತವೆ. ಎಡದ್ದು ಈಗಿನ ವೇಗ, ಬಲದ್ದು ಡ್ರೈವಿನ ತಾಕತ್ತು. ಎಸ್‌ಎಸ್‌ಡಿಗೆ ಎಡದಲ್ಲಿ ‘ಸಾಟಾ/300’, ಬಲದಲ್ಲಿ ‘ಸಾಟಾ/600’ ಎಂದಿದ್ದರೆ ಅದು ನಿಧಾನದ ಪೋರ್ಟಿನಲ್ಲಿ ಕೂತಿದೆ. ಎನ್‌ವಿಎಂಇಗೆ ಎಡದಲ್ಲಿ ಎಕ್ಸ್4 ಬರಬೇಕಾದಲ್ಲಿ ಎಕ್ಸ್1 ಅಂತ ಬಂದರೆ ಕಾರ್ಡ್ ಸರಿಯಾಗಿ ಕೂತಿಲ್ಲ, ಇಲ್ಲವೇ ಸ್ಲಾಟಿನಲ್ಲಿ ಅಷ್ಟು ಲೇನ್ ಇಲ್ಲ.

ಕಾರ್ಡ್ ಏನು ಮಾಡಿದರೂ ಕಾಣದಿದ್ದರೆ ಕೇಬಲ್ ಕಿತ್ತು, ಕಾರ್ಡ್ ತೆಗೆದು, ಹಲ್ಲುಗಳನ್ನು ಮೆತ್ತನೆಯ ರಬ್ಬರಿನಿಂದ ಹಗುರವಾಗಿ ಉಜ್ಜಿ, ಪುಡಿ ಒರೆಸಿ ಮತ್ತೆ ಕೂರಿಸಿ. ಬೇರೆ ಸ್ಲಾಟಿನಲ್ಲೂ ನೋಡಿ. ಯುಎಸ್‌ಬಿ ಡಿಸ್ಕ್ ಆಗಾಗ ಮಾಯವಾಗುತ್ತಿದ್ದರೆ ಪವರ್ ವೈರ್ ನೋಡಿ. ಅದು ಸರಿಯಿದ್ದರೆ ಡಿವೈಸ್ ಮ್ಯಾನೇಜರಿನಲ್ಲಿ ‘ಯುಎಸ್‌ಬಿ ರೂಟ್ ಹಬ್’ನ ಪವರ್ ಮ್ಯಾನೇಜ್‌ಮೆಂಟ್ ಪುಟಕ್ಕೆ ಹೋಗಿ, ವಿದ್ಯುತ್ ಉಳಿಸಲು ಅದನ್ನು ಆಫ್ ಮಾಡಲು ಬಿಡುವ ಟಿಕ್ ತೆಗೆಯಿರಿ.

ಉದ್ದ ಸ್ಲಾಟಿಗೆ ಕಾರ್ಡ್ ಹಾಕಿದ ಕೂಡಲೇ ಪರದೆ ಕಪ್ಪಾಯಿತೇ? ಕೆಲವು ಹಳೆಯ ಬೋರ್ಡುಗಳು ಅಲ್ಲಿ ಏನೇ ಕೂತರೂ ಗ್ರಾಫಿಕ್ಸ್ ಕಾರ್ಡ್ ಬಂತೆಂದು ತಿಳಿದು ತಮ್ಮ ಮಾನಿಟರ್ ಪೋರ್ಟ್ ಮುಚ್ಚಿಕೊಳ್ಳುತ್ತವೆ. ಕಾರ್ಡ್ ತೆಗೆದು ಆನ್ ಮಾಡಿ, ಬಯಾಸಿಗೆ ಹೋಗಿ, ‘ಇಂಟರ್ನಲ್ ಗ್ರಾಫಿಕ್ಸ್’ ಎಂಬುದನ್ನು ‘ಆಟೊ’ದಿಂದ ‘ಎನೇಬಲ್ಡ್’ಗೆ ಬದಲಿಸಿ, ಮೊದಲ ಡಿಸ್‌ಪ್ಲೇ ಯಾವುದೆಂದು ಕೇಳುವಲ್ಲಿ ಒಳಗಿನ ಗ್ರಾಫಿಕ್ಸನ್ನೇ ಆರಿಸಿ ಸೇವ್ ಮಾಡಿ. ನಂತರ ಆಫ್ ಮಾಡಿ, ಕೇಬಲ್ ಕಿತ್ತು, ಕಾರ್ಡ್ ಮತ್ತೆ ಹಾಕಿ.